ಉಬಾಂಗಿಯ ಬೊಗಾಂಡ

ಆಫ್ರಿಕ ಖಂಡದ ನಕ್ಷೆಯನ್ನು ಮೇಜಿನ ಮೇಲೆ ಹರಡಿ ನಟ್ಟನಡುವೆ ಬೆರಳಿಟ್ಟರೆ, ಆ ಬೆರಳಿನ ಅಡಿಯಲ್ಲಿ ಸಮುದ್ರದ ಮುಖವನ್ನೇ ಕಾಣದ ಒಂದು ನಾಡು ಸಿಕ್ಕುತ್ತದೆ. ಅದರ ದಕ್ಷಿಣದ ಎಲ್ಲೆಯಲ್ಲಿ ಉಬಾಂಗಿ ನದಿ ಹರಿದು ಕಾಂಗೊ ಮಹಾನದಿಯನ್ನು ಸೇರುತ್ತದೆ. ಉತ್ತರದಲ್ಲಿ ಶಾರಿ ನದಿ ಚಾಡ್ ಸರೋವರದ ಕಡೆಗೆ ಹೋಗುತ್ತದೆ. ಈ ಎರಡು ಹೊಳೆಗಳ ಹೆಸರನ್ನು ಜೋಡಿಸಿ ಫ್ರೆಂಚರು ಆ ನಾಡನ್ನು ಉಬಾಂಗಿ-ಶಾರಿ ಎಂದು ಕರೆದರು. ಆರು ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕ ವಿಸ್ತಾರ. ಅಷ್ಟಕ್ಕೆ ತಕ್ಕ ಜನಸಂಖ್ಯೆ ಮಾತ್ರ ಇರಲಿಲ್ಲ. ಈಗ ಅದಕ್ಕೆ ಮಧ್ಯ ಆಫ್ರಿಕ ಗಣರಾಜ್ಯವೆಂದು ಹೆಸರು. ಈ ಹೆಸರನ್ನು ಕೊಟ್ಟವರು ಬಾರ್ತೆಲೆಮಿ ಬೊಗಾಂಡ. ಆದರೆ ಅವರು ಅದನ್ನು ಇಷ್ಟು ಸಣ್ಣ ನಾಡಿಗೆಂದು ಯೋಚಿಸಿರಲೇ ಇಲ್ಲ. ಆ ಕಥೆಯನ್ನು ಮುಂದೆ ಹೇಳುತ್ತೇನೆ. ಮೊದಲು ರಬ್ಬರಿನ ಕಥೆಯನ್ನು ಹೇಳಬೇಕು. ಅದನ್ನು ಬಿಟ್ಟರೆ ಬೊಗಾಂಡರ ಕೋಪವೂ ಅರ್ಥವಾಗದು, ಅವರ ಕನಿಕರವೂ ಅರ್ಥವಾಗದು.

1899ರಲ್ಲಿ ಫ್ರೆಂಚ್ ಸರ್ಕಾರವು ಮಧ್ಯ ಆಫ್ರಿಕದಲ್ಲಿ ತಾನು ಹಿಡಿದಿದ್ದ ನೆಲದ ಬಹುಭಾಗವನ್ನು ಸುಮಾರು 40 ಖಾಸಗಿ ಕಂಪೆನಿಗಳಿಗೆ ಗುತ್ತಿಗೆಗೆ ಕೊಟ್ಟಿತು. ಕಾಡಿನಲ್ಲಿ ಬೆಳೆದದ್ದೆಲ್ಲ ಕಂಪೆನಿಯ ಸೊತ್ತು. ಅಲ್ಲಿನ ರಬ್ಬರು ಹೆಚ್ಚಾಗಿ ಕಾಡುಬಳ್ಳಿಗಳಿಂದ ಬರುತ್ತಿತ್ತು. ಅದನ್ನು ತರಲು ಊರವರು ವಾರಗಟ್ಟಲೆ ಕಾಡಿನಲ್ಲಿ ಅಲೆಯಬೇಕು. ಅಷ್ಟರಲ್ಲಿ ಹೊಲ ಹಾಳು, ಮನೆಯಲ್ಲಿ ಉಪವಾಸ. ಗೊತ್ತುಮಾಡಿದ ತೂಕಕ್ಕೆ ಕಡಮೆಯಾದರೆ ಬಾರುಕೋಲು. ಗಂಡಸರು ಕಾಡಿಗೆ ಓಡಿಹೋದರೆ ಅವರ ಹೆಂಡಿರು ಮಕ್ಕಳನ್ನು ಒತ್ತೆಯಾಗಿ ಹಿಡಿದಿಡುವುದು ಅಧಿಕಾರಿಗಳ ಪದ್ಧತಿಯಾಗಿತ್ತು. 1904ರಲ್ಲಿ ಮೊಂಗುಂಬದ ಕಡೆಯಿಂದ ಹೀಗೆ ಹಿಡಿದು ತಂದ 58 ಹೆಂಗಸರನ್ನೂ 10 ಮಕ್ಕಳನ್ನೂ ಬಾಂಗಿ ಪಟ್ಟಣದಲ್ಲಿ ಕೂಡಿಹಾಕಿದರು. ಅವರಲ್ಲಿ 45 ಹೆಂಗಸರೂ 2 ಮಕ್ಕಳೂ ಸತ್ತರು. ಮರುವರ್ಷ ವಿಚಾರಣೆಗೆ ಬಂದ ದ ಬ್ರಾಜಾ ಎಂಬ ವೃದ್ಧ ಫ್ರೆಂಚ್ ಅನ್ವೇಷಕನು, ಈ ಸಂಗತಿಗಳನ್ನೆಲ್ಲ ಕಲೆಹಾಕಿಕೊಂಡು ಹಿಂದಿರುಗುವಾಗ ಡಕಾರಿನಲ್ಲಿ ತೀರಿಕೊಂಡನು. ಆ ವಿಚಾರಣೆಯ ವರದಿಯನ್ನು ಸರ್ಕಾರ ಬೀಗ ಹಾಕಿ ಇಟ್ಟಿತು. ಅದು ಅಚ್ಚಾದದ್ದು 2014ರಲ್ಲಿ, ನೂರು ವರ್ಷಗಳಿಗೂ ಮೇಲೆ.

ಬಾಂಗಿಯಿಂದ ನೈರುತ್ಯಕ್ಕೆ ಲೊಬಾಯೆ ಎಂಬ ಕಾಡುಸೀಮೆಯಿದೆ. ಅಲ್ಲಿ ಬೊಬಾಂಗಿ ಎಂಬ ಹಳ್ಳಿಯಲ್ಲಿ, ದಾಖಲೆಗಳ ಪ್ರಕಾರ 1910ನೆಯ ಏಪ್ರಿಲ್ 4ರಂದು, ಬೊಗಾಂಡ ಹುಟ್ಟಿದನು. ಅದೇ 1910ರಲ್ಲಿಯೇ ಫ್ರೆಂಚರು ಗಬೋನ್, ಮಧ್ಯ ಕಾಂಗೊ, ಉಬಾಂಗಿ-ಶಾರಿ, ಚಾಡ್ ಎಂಬ ನಾಲ್ಕು ಪ್ರಾಂತಗಳನ್ನು ಒಂದು ನೊಗಕ್ಕೆ ಕಟ್ಟಿ ಫ್ರೆಂಚ್ ವಿಷುವದ್ವೃತ್ತೀಯ ಆಫ್ರಿಕ ಎಂಬ ಒಕ್ಕೂಟವನ್ನು ಮಾಡಿ, ಬ್ರಾಜವಿಲ್ ಪಟ್ಟಣವನ್ನು ಅದರ ರಾಜಧಾನಿಯನ್ನಾಗಿಸಿದರು. ಮಗುವಿನ ತಂದೆತಾಯಿಗಳು ಂಗ್ಬಾಕ ಎಂಬ ಜನಾಂಗದವರು. ಹುಡುಗನಿಗೆ ಬುದ್ಧಿ ತಿಳಿಯುವ ಮೊದಲೇ ತಂದೆ ಇಲ್ಲವಾದನು. ತಾಯಿಯನ್ನು, ತರಬೇಕಾದಷ್ಟು ರಬ್ಬರು ತರಲಿಲ್ಲವೆಂದು, ಕಂಪೆನಿಯ ಕಾವಲುಗಾರರು ಹೊಡೆದು ಕೊಂದರೆಂದು ಆ ನಾಡಿನಲ್ಲಿ ಎಲ್ಲರೂ ಹೇಳುತ್ತಾರೆ. ಇದು ಎಲ್ಲೋ ಒಂದೆಡೆ ನಡೆದ ಅಪವಾದವಲ್ಲ. ಮುಂದೆ 1925ರಲ್ಲಿ ಆಂದ್ರೆ ಜೀದ್ ಎಂಬ ಪ್ರಸಿದ್ಧ ಫ್ರೆಂಚ್ ಸಾಹಿತಿ ಈ ಸೀಮೆಯಲ್ಲಿ ಸಂಚರಿಸಿ, ರಬ್ಬರು ಕಡಮೆ ತಂದವರನ್ನು ಭಾರವಾದ ತೊಲೆ ಹೊರಿಸಿ ಬಿಸಿಲಿನಲ್ಲಿ ಸುತ್ತಿಸುತ್ತಿದ್ದ ಬಗೆಯನ್ನು ತನ್ನ ಪ್ರವಾಸ ಗ್ರಂಥದಲ್ಲಿ ಬರೆದನು. 1927ರಲ್ಲಿ ಆ ಗ್ರಂಥ ಹೊರಬಂದಾಗ ಪ್ಯಾರಿಸಿನಲ್ಲಿ ಕೋಲಾಹಲವಾಯಿತು. ಕೋಲಾಹಲ ಅಡಗಿದ ಮೇಲೂ ಕಂಪೆನಿ ಕೆಲಕಾಲ ನಡೆದೇ ಇತ್ತು.

ಅನಾಥ ಬಾಲಕನನ್ನು ಸೈನಿಕರ ಒಂದು ತಂಡ ಕಂಡು ಕರೆತಂದಿತು. ಅಲ್ಲಿಂದ ಅವನು ಕ್ಯಾಥೊಲಿಕ್ ಪಾದ್ರಿಗಳ ಕೈಸೇರಿದನು. ಓದು ಬರಹ ಕಲಿತನು. 1922ರಲ್ಲಿ ಜ್ಞಾನಸ್ನಾನವಾಗಿ ಬಾರ್ತೆಲೆಮಿ ಎಂಬ ಹೆಸರು ಬಂತು. ಹುಡುಗ ಚುರುಕಾಗಿದ್ದನು. ಪಾದ್ರಿಗಳು ಅವನನ್ನು ಬೆಲ್ಜಿಯನ್ ಕಾಂಗೊ, ಬ್ರಾಜವಿಲ್, ಕೊನೆಗೆ ಕ್ಯಾಮರೂನಿನ ಯಾವುಂಡೆ, ಹೀಗೆ ಒಂದಾದ ಮೇಲೊಂದು ಸೆಮಿನರಿಗೆ ಕಳಿಸಿದರು. ಲ್ಯಾಟಿನ್ ಬಂತು, ತತ್ತ್ವಶಾಸ್ತ್ರ ಬಂತು, ಸೊಗಸಾದ ಫ್ರೆಂಚ್ ಬಂತು. ಒಂದು ಗಡಿಯಿಂದ ಇನ್ನೊಂದು ಗಡಿಗೆ ಹೀಗೆ ಓಡಾಡಿದ ವಿದ್ಯಾರ್ಥಿಗೆ, ಯುರೋಪಿಯನರು ಎಳೆದ ಆ ಗೆರೆಗಳ ಎರಡು ಪಕ್ಕದಲ್ಲಿಯೂ ಇರುವವರು ಒಂದೇ ಬಗೆಯ ಜನ ಎಂಬ ಅರಿವು ಆಗಲೇ ಮೂಡಿರಬೇಕೆಂದು ನನ್ನ ಊಹೆ. 1938ರ ಮಾರ್ಚಿನಲ್ಲಿ ಗುರುದೀಕ್ಷೆಯಾಯಿತು. ಉಬಾಂಗಿಯ ಮಕ್ಕಳಲ್ಲಿ ಪಾದ್ರಿಯಾದವರಲ್ಲಿ ಇವರೇ ಮೊದಲಿಗರು.

ಎಂಟು ವರ್ಷ ಅವರು ಗ್ರಿಮಾರಿ ಮೊದಲಾದ ಕಡೆ ಧರ್ಮಪ್ರಚಾರ ಮಾಡುತ್ತ, ಮಕ್ಕಳಿಗೆ ಪಾಠ ಹೇಳುತ್ತ ಕಳೆದರು. ಅವರನ್ನು ರಾಜಕೀಯಕ್ಕೆ ದೂಡಿದವರು ಕ್ರಾಂತಿಕಾರರಲ್ಲ, ಬಾಂಗಿಯ ಬಿಷಪ್ ಗ್ರಾಂದಾಂ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸು ತನ್ನ ವಸಾಹತುಗಳಿಗೂ ಪ್ಯಾರಿಸಿನ ರಾಷ್ಟ್ರೀಯ ಸಭೆಯಲ್ಲಿ ಸ್ಥಾನ ಕೊಟ್ಟಿತು. (ನಮ್ಮ ಪಾಂಡಿಚೇರಿಯೂ ಸೇರಿದಂತೆ ಫ್ರೆಂಚ್ ಇಂಡಿಯದಿಂದಲೂ ಆ ಸಭೆಗೆ ಆಗ ಒಬ್ಬ ಪ್ರತಿನಿಧಿ ಹೋಗುತ್ತಿದ್ದುದನ್ನು ಇಲ್ಲಿ ನೆನೆಯಬಹುದು.) ಉಬಾಂಗಿಯಲ್ಲಿ ಬಿಳಿಯರ ಮತಪಟ್ಟಿ ಬೇರೆ, ಆಫ್ರಿಕನರ ಮತಪಟ್ಟಿ ಬೇರೆ, ಎರಡನೆಯದರಲ್ಲಿಯೂ ಎಲ್ಲರಿಗೂ ಮತವಿರಲಿಲ್ಲ. ಆ ಸ್ಥಾನ ನಾಸ್ತಿಕರಿಗೋ ಸಮತಾವಾದಿಗಳಿಗೋ ಹೋಗಬಾರದೆಂದು ಬಿಷಪ್ಪರ ಲೆಕ್ಕಾಚಾರ. 1946ನೆಯ ನವೆಂಬರ್ 10ರಂದು ನಡೆದ ಚುನಾವಣೆಯಲ್ಲಿ, ಹಿಂದೆ ಆ ಒಕ್ಕೂಟದ ಗವರ್ನರ್-ಜನರಲ್ ಆಗಿದ್ದ ರೆಸ್ತ್ ಎಂಬವರನ್ನೂ ಒಳಗೊಂಡು ಮೂವರು ಪ್ರತಿಸ್ಪರ್ಧಿಗಳನ್ನು ಸೋಲಿಸಿ ಪಾದ್ರಿ ಬೊಗಾಂಡರು ಗೆದ್ದರು. ನಿಲುವಂಗಿಯನ್ನು ಧರಿಸಿಕೊಂಡೇ ಪ್ಯಾರಿಸಿನ ಸಭೆಯನ್ನು ಹೊಕ್ಕು, ಕ್ಯಾಥೊಲಿಕ್ ಒಲವಿನ ಎಂ.ಆರ್.ಪಿ. ಪಕ್ಷದವರ ಸಾಲಿನಲ್ಲಿ ಕುಳಿತರು.

ಬಿಟ್ಟಿ ಚಾಕರಿಯನ್ನು ಕಾಯಿದೆಯ ಮೂಲಕ ರದ್ದುಮಾಡಿ ಆಗಲೇ ಕೆಲವು ತಿಂಗಳಾಗಿತ್ತು. ಐವರಿ ಕೋಸ್ಟಿನ ಹೂಫ್ವೆ-ಬ್ವಾನಿ ತಂದ ಆ ಕಾಯಿದೆ 1946ರ ಏಪ್ರಿಲಿನಲ್ಲಿ ಅಂಗೀಕಾರವಾಗಿತ್ತು. ಆದರೆ ಕಾಯಿದೆ ಪ್ಯಾರಿಸಿನಲ್ಲಿ, ಕೆಲಸ ಉಬಾಂಗಿಯಲ್ಲಿ. ರಬ್ಬರಿನ ಜಾಗಕ್ಕೆ ಈಗ ಹತ್ತಿ ಬಂದಿತ್ತು. ಇಷ್ಟವಿರಲಿ ಬಿಡಲಿ, ರೈತನು ಹತ್ತಿ ಬೆಳೆಯಲೇಬೇಕು. ಗೊತ್ತಾದ ಕಂಪೆನಿಗೇ, ಗೊತ್ತಾದ ಬೆಲೆಗೇ ಮಾರಬೇಕು. ಬೊಗಾಂಡರು ಸಭೆಯಲ್ಲಿ ಎದ್ದುನಿಂತು ಈ ಹತ್ತಿಯ ಬಲಾತ್ಕಾರವನ್ನು, ವಿಚಾರಣೆಯಿಲ್ಲದೆ ಸೆರೆಗೆ ನೂಕುವುದನ್ನು, ಒಂದೇ ಕೆಲಸಕ್ಕೆ ಬಿಳಿಯನಿಗೊಂದು ಕರಿಯನಿಗೊಂದು ಕೂಲಿ ಕೊಡುವುದನ್ನು ಒಂದೊಂದಾಗಿ ಎತ್ತಿ ಹೇಳಿದರು. ಕೇಳುವವರು ಕಡಮೆ. ಅವರ ಸೂಚನೆಗಳು ಬಹುಪಾಲು ಕಡತದಲ್ಲಿಯೇ ಉಳಿದವು. ಎಂ.ಆರ್.ಪಿ. ಪಕ್ಷದವರಿಗೆ ಬೇಕಾದದ್ದು ತಮ್ಮ ಒಬ್ಬ ಕರಿಯ ಪಾದ್ರಿ, ಕರಿಯರ ಪ್ರತಿನಿಧಿಯಲ್ಲ. ಇದನ್ನು ಅರಿತುಕೊಳ್ಳಲು ಅವರಿಗೆ ಹೆಚ್ಚು ಕಾಲ ಹಿಡಿಯಲಿಲ್ಲ.

ಮಾತಿನಿಂದ ಆಗದ್ದನ್ನು ಕೈಯಿಂದ ಮಾಡೋಣವೆಂದು 1948ರಲ್ಲಿ ತಮ್ಮ ಲೊಬಾಯೆ ಸೀಮೆಯಲ್ಲಿ ಒಂದು ಸಹಕಾರ ಸಂಘವನ್ನು ಕಟ್ಟಿದರು. ಬೆಳೆದವನ ಮಾಲನ್ನು ವರ್ತಕರ ಕೈಗೆ ಸಿಕ್ಕದಂತೆ ಸಂಘವೇ ಕೊಳ್ಳುವುದು ಅದರ ಉದ್ದೇಶ. ಲೆಕ್ಕಪತ್ರದಲ್ಲಿ ನುರಿತವರಿಲ್ಲ, ಬಂಡವಾಳವಿಲ್ಲ, ಸುತ್ತಲೂ ವೈರ. ಸಂಘ ಸಾಲದಲ್ಲಿ ಮುಳುಗಿ ಕೆಲವೇ ವರ್ಷಗಳಲ್ಲಿ ಕುಸಿಯಿತು. ಇದಕ್ಕೆ ವರ್ತಕರನ್ನೇ ಪೂರ್ತಿ ಹೊಣೆಮಾಡುವ ಚರಿತ್ರಕಾರರಿದ್ದಾರೆ. ಬೊಗಾಂಡರಿಗೆ ಜನರನ್ನು ಕೂಡಿಸುವ ಶಕ್ತಿ ಇದ್ದಷ್ಟು ಜಮಾಖರ್ಚು ನೋಡುವ ತಾಳ್ಮೆ ಇರಲಿಲ್ಲವೆಂದು ಒಪ್ಪಿಕೊಂಡರೆ ಅವರ ಹಿರಿಮೆಗೆ ಕುಂದೇನೂ ಬಾರದು.

1949ರಲ್ಲಿ ಅವರು ಎಂ.ಆರ್.ಪಿ.ಯನ್ನು ಬಿಟ್ಟು, ಸೆಪ್ಟೆಂಬರ್ 28ರಂದು ಬಾಂಗಿಯಲ್ಲಿ ತಮ್ಮದೇ ಪಕ್ಷವನ್ನು ಸ್ಥಾಪಿಸಿದರು. ಕಪ್ಪು ಆಫ್ರಿಕದ ಸಾಮಾಜಿಕ ವಿಕಾಸ ಚಳವಳಿ ಎಂದು ಅದರ ಹೆಸರು. ಫ್ರೆಂಚ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮೆಸಾನ್ ಎಂದು ಜನ ಕರೆದರು. ಪಕ್ಷದ ಕಾರ್ಯಕ್ರಮವನ್ನು ಅವರು ಐದು ಕ್ರಿಯಾಪದಗಳಿಗೆ ಇಳಿಸಿದ್ದರು: ಉಣಿಸುವುದು, ಉಡಿಸುವುದು, ವಾಸಿಮಾಡುವುದು, ಕಲಿಸುವುದು, ಮನೆ ಕಟ್ಟಿಕೊಡುವುದು. ಇವೆಲ್ಲಕ್ಕೂ ಬುಡದಲ್ಲಿ ಇದ್ದದ್ದು ಆ ನಾಡಿನ ಸಾಂಗೊ ಭಾಷೆಯ ಮೂರು ಪುಟ್ಟ ಪದಗಳು, ಜೋ ಕ್ವೆ ಜೋ. ಪ್ರತಿಯೊಬ್ಬ ಮನುಷ್ಯನೂ ಮನುಷ್ಯನೇ ಎಂದು ಅದರ ಅರ್ಥ. ಇದರಲ್ಲಿ ಹೊಸದೇನಿದೆ ಎಂದು ನಮಗೆ ಅನ್ನಿಸಬಹುದು. ತೂಕದಲ್ಲಿ ಕಡಮೆಯಾದ ರಬ್ಬರಿಗಾಗಿ ತಾಯಿಯನ್ನು ಕಳೆದುಕೊಂಡವನ ಬಾಯಲ್ಲಿ ಆ ಮಾತಿನ ತೂಕವೇ ಬೇರೆ.

ಆ ವೇಳೆಗೆ ಅವರ ಬಾಳಿನಲ್ಲಿ ಮತ್ತೊಂದು ಬಿರುಗಾಳಿ ಎದ್ದಿತ್ತು. ಪ್ಯಾರಿಸಿನಲ್ಲಿ ಅವರ ಕಾರ್ಯದರ್ಶಿಯಾಗಿದ್ದ ಮಿಶೆಲ್ ಜೂರ್ದಾಂ ಎಂಬ ಫ್ರೆಂಚ್ ಮಹಿಳೆಯನ್ನು ಅವರು ಪ್ರೀತಿಸಿದ್ದರು. ಬ್ರಹ್ಮಚರ್ಯದ ಪ್ರತಿಜ್ಞೆ ಮಾಡಿದ ಪಾದ್ರಿ. 1949ರ ನವೆಂಬರಿನಲ್ಲಿ ಧರ್ಮಸಭೆ ಅವರನ್ನು ಗುರುಪದವಿಯ ಕರ್ತವ್ಯಗಳಿಂದ ತಡೆಹಿಡಿಯಿತು. 1950ನೆಯ ಜೂನ್ 13ರಂದು ಅವರಿಬ್ಬರ ವಿವಾಹವಾಯಿತು. ಪಾದ್ರಿಗಳಿಗೆ ಪ್ರತಿಜ್ಞಾಭಂಗದ ಸಂಕಟ. ವಸಾಹತಿನ ಬಿಳಿಯರಿಗೆ ಬಿಳಿಯ ಹೆಂಗಸು ಕರಿಯನನ್ನು ಕೈಹಿಡಿದಳೆಂಬ ಉರಿ. ಇನ್ನು ಇವನ ಕಥೆ ಮುಗಿಯಿತೆಂದು ಅಧಿಕಾರಿಗಳು ಸಂತೋಷಪಟ್ಟರು. ಸಾಕಿ ಓದಿಸಿದ ಮಿಷನ್ನಿಗೆ ಬೊಗಾಂಡರು ಕೊಟ್ಟ ಮಾತನ್ನು ಮುರಿದರೆಂಬುದು ದಿಟ. ಅದನ್ನು ಮುಚ್ಚಿಡಬೇಕಾಗಿಲ್ಲ. ಅವರೂ ಮುಚ್ಚಿಡಲಿಲ್ಲ, ಕದ್ದು ಬಾಳುವುದಕ್ಕಿಂತ ಎಲ್ಲರೆದುರು ಮದುವೆಯಾಗಿ ಹೆಂಡತಿಯನ್ನು ಉಬಾಂಗಿಗೆ ಕರೆದುಕೊಂಡು ಹೋದರು. ನಿಲುವಂಗಿ ಕಳಚಿದ ಮೇಲೂ ಹಳ್ಳಿಯ ಜನರ ಕಣ್ಣಿಗೆ ಅವರು ದೈವಾಂಶದವರಾಗಿಯೇ ಉಳಿದರು ಎಂಬುದು ಅಧಿಕಾರಿಗಳು ನಿರೀಕ್ಷಿಸದೆ ಇದ್ದ ಸಂಗತಿ.

1951ನೆಯ ಜನವರಿ 10ರಂದು ಲೊಬಾಯೆಯ ಬೊಕಾಂಗ ಎಂಬಲ್ಲಿ ಅವರ ಸಹಕಾರ ಸಂಘದವರಿಗೂ ಪೋರ್ಚುಗೀಸ್ ವರ್ತಕರಿಗೂ ಜಗಳವಾಯಿತು. ಬೊಗಾಂಡರು ಅಡ್ಡಬಂದರು. ಶಾಂತಿಭಂಗದ ಆಪಾದನೆ ಹೊರಿಸಿ ಅವರನ್ನು ಬಂಧಿಸಿದರು, ಹೆಂಡತಿಯನ್ನೂ ಬಿಡಲಿಲ್ಲ. ಮಾರ್ಚ್ ತಿಂಗಳಲ್ಲಿ ಅವರಿಗೆ ಎರಡು ತಿಂಗಳು, ಆಕೆಗೆ ಹದಿನೈದು ದಿನ ಸೆರೆಮನೆಯ ಶಿಕ್ಷೆ ವಿಧಿಸಲಾಯಿತು. ಬುದ್ಧಿವಂತ ಆಡಳಿತವಾಗಿದ್ದರೆ ಇಷ್ಟು ದೊಡ್ಡ ಉಡುಗೊರೆಯನ್ನು ಎದುರಾಳಿಗೆ ಕೊಡುತ್ತಿರಲಿಲ್ಲ. ಅದೇ ವರ್ಷ ಜೂನ್ 17ರ ಚುನಾವಣೆಯಲ್ಲಿ ಸರ್ಕಾರವೂ ಮಿಷನ್ನೂ ವರ್ತಕರೂ ಬೇಡವೆಂದರೂ ಜನ ಅವರನ್ನು ಮತ್ತೆ ಪ್ಯಾರಿಸಿಗೆ ಕಳಿಸಿದರು.

ಇಲ್ಲಿಂದ ಮುಂದೆ ಅಧಿಕಾರಿಗಳ ಧಾಟಿ ಬದಲಾಯಿತು. 1954ರ ಏಪ್ರಿಲ್ ಕೊನೆಯಲ್ಲಿ ಬೆರ್ಬೆರಾತಿ ಪಟ್ಟಣದಲ್ಲಿ ಒಬ್ಬ ಫ್ರೆಂಚ್ ನೌಕರನ ಮನೆಯಲ್ಲಿ ಅವನ ಆಫ್ರಿಕನ್ ಅಡಿಗೆಯವನೂ ಅಡಿಗೆಯವನ ಹೆಂಡತಿಯೂ ಸತ್ತು ಬಿದ್ದಿದ್ದರು. ಆ ಬಿಳಿಯನು ಕ್ರೌರ್ಯಕ್ಕೆ ಹೆಸರಾದವನು. ಜನ ಕಲ್ಲೆತ್ತಿಕೊಂಡು ಬೀದಿಗೆ ಬಂದರು. ಗವರ್ನರನು ದಾರಿ ಕಾಣದೆ, ಮೂರು ವರ್ಷದ ಹಿಂದೆ ಶಿಕ್ಷೆಗೊಳಗಾಗಿದ್ದ ಅದೇ ಬೊಗಾಂಡರನ್ನು ಕರೆಸಿದನು. ಅವರು ಗುಂಪಿನ ನಡುವೆ ನಿಂತು, ನ್ಯಾಯ ಬಿಳಿಯನಿಗೂ ಕರಿಯನಿಗೂ ಒಂದೇ ಆಗಿರುವುದೆಂದು ಜನರಿಗೆ ಮಾತು ಕೊಟ್ಟರು. ಜನ ಚದರಿದರು. ಆ ಮಾತನ್ನು ಕೊಡುವ ಅಧಿಕಾರ ಅವರಿಗಿತ್ತೇ? ನ್ಯಾಯಸ್ಥಾನ ಅವರದಾಗಿರಲಿಲ್ಲ. ಆ ದಿನ ರಕ್ತಪಾತ ಬೆಳೆಯದಂತೆ ತಡೆದರೆಂದು ಹೊಗಳುವವರೂ, ವಸಾಹತಿನ ದೊರೆಗಳನ್ನು ಪಾರುಮಾಡಿದರೆಂದು ದೂರುವವರೂ ಇದ್ದಾರೆ. ಆಗ ಅಲ್ಜೀರಿಯದ ಯುದ್ಧ ಇನ್ನೂ ಆರಂಭವಾಗಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಆರಂಭವಾಯಿತು. ಅಲ್ಲಿ ಹರಿದ ರಕ್ತವನ್ನು ನೆನೆದರೆ ನನಗೆ ಹೊಗಳುವವರ ಮಾತೇ ಸರಿಯೆನ್ನಿಸುತ್ತದೆ.

1956ರ ನವೆಂಬರಿನಲ್ಲಿ ಬೊಗಾಂಡರು ಬಾಂಗಿಯ ಮೇಯರ್ ಆದರು. 1957ರ ಮಾರ್ಚಿನಲ್ಲಿ ಪ್ರಾಂತ ಸಭೆಯ ಎಲ್ಲ ಸ್ಥಾನಗಳೂ ಮೆಸಾನಿಗೆ ಬಂದವು. ಜೂನಿನಲ್ಲಿ ನಾಲ್ಕು ಪ್ರಾಂತಗಳ ಮಹಾಸಭೆ ಅವರನ್ನು ಬ್ರಾಜವಿಲ್ಲಿನಲ್ಲಿ ಅಧ್ಯಕ್ಷಪೀಠದ ಮೇಲೆ ಕೂರಿಸಿತು. ಉಬಾಂಗಿಯ ಆಡಳಿತವನ್ನು ತಮ್ಮ ಪಕ್ಷದ ತರುಣ ವೈದ್ಯ ಆಬೆಲ್ ಗುಂಬ ಮೊದಲಾದವರಿಗೆ ಬಿಟ್ಟುಕೊಟ್ಟರು. ಈ ಸಮಯದಲ್ಲಿಯೇ ಅವರ ಬಾಳಿನ ಅತ್ಯಂತ ವಿಚಿತ್ರವಾದ ತಪ್ಪು ನಡೆಯಿತು. ಮೆಸಾನಿನಲ್ಲಿದ್ದ ಗೆರಿಯೊ ಎಂಬ ಫ್ರೆಂಚ್ ಉದ್ಯಮಿ, ಕಾಫಿ ಹತ್ತಿಗಳ ಬೆಳೆಯನ್ನು ಒಮ್ಮೆಗೇ ಏರಿಸುವ ದೊಡ್ಡ ಯೋಜನೆಯೊಂದನ್ನು ಮುಂದಿಟ್ಟನು. ಬೊಗಾಂಡರು ಅದಕ್ಕೆ ತಲೆದೂಗಿ, ತಾವೇ ಹಳ್ಳಿಗಳನ್ನು ಸುತ್ತಿ ಬೆಳೆಯಿರಿ ಎಂದರು. ಹಳ್ಳಿಯವರು ಬೆಚ್ಚಿದರು. ಬೆಳೆಯಲೇಬೇಕೆಂಬ ಮಾತನ್ನು ಅವರು ಹಿಂದೆಯೂ ಕೇಳಿದ್ದರು. ಈಗ ಅದನ್ನು ಹೇಳುತ್ತಿರುವ ಬಾಯಿ ಬೇರೆ, ಅಷ್ಟೆ. ಹತ್ತಿಯ ಬಲಾತ್ಕಾರದ ವಿರುದ್ಧ ಹತ್ತು ವರ್ಷ ಮಾತಾಡಿದವರಿಗೆ ಇದು ಮೊದಲೇ ಹೊಳೆಯಲಿಲ್ಲವೆಂಬುದು ಸೋಜಿಗ. ಹೊಳೆದ ಮೇಲೆ ಯೋಜನೆಯಿಂದ ಹಿಂದೆ ಸರಿದರು. ಗೆರಿಯೊನನ್ನು ಪ್ಯಾರಿಸಿಗೆ ಕಳಿಸಿಬಿಟ್ಟರು.

1958ರಲ್ಲಿ ಅಲ್ಜೀರಿಯದ ಯುದ್ಧದ ಬಿಸಿಗೆ ಫ್ರಾನ್ಸಿನ ಸರ್ಕಾರ ಬಿದ್ದು ಜನರಲ್ ದ ಗಾಲ್ ಅಧಿಕಾರಕ್ಕೆ ಬಂದರು. ವಸಾಹತುಗಳ ಮುಂದೆ ಅವರು ಇಟ್ಟದ್ದು ಒಂದೇ ಪ್ರಶ್ನೆ: ಫ್ರಾನ್ಸಿನೊಡನೆ ಸಮುದಾಯದಲ್ಲಿ ಇರುತ್ತೀರೋ, ಇಲ್ಲವೋ? ಆಗಸ್ಟ್ 24ರಂದು ದ ಗಾಲ್ ಬ್ರಾಜವಿಲ್ಲಿಗೆ ಬಂದಾಗ ಮಹಾಸಭೆಯ ಅಧ್ಯಕ್ಷರಾಗಿ ಬೊಗಾಂಡರು, ಸಮುದಾಯವನ್ನು ಸೇರಿದ ಮೇಲೂ ಸ್ವಾತಂತ್ರ್ಯದ ಹಕ್ಕು ನಮಗೆ ಉಳಿಯಬೇಕೆಂದು ಕೇಳಿದರು. ಆ ಹಕ್ಕು ಉಳಿಯುವುದೆಂಬ ಭರವಸೆ ಸಿಕ್ಕಿತು. ಸೆಪ್ಟೆಂಬರ್ 28ರ ಜನಮತದಲ್ಲಿ ಗಿನಿಯ ಇಲ್ಲವೆಂದು ಹೇಳಿ ಕೂಡಲೇ ಸ್ವತಂತ್ರವಾಯಿತು. ಉಬಾಂಗಿಯಲ್ಲಿ ನೂರಕ್ಕೆ 98ರಷ್ಟು ಮತಗಳು ಹೌದೆಂದವು.

ಬೊಗಾಂಡರಿಗೆ ಸ್ವಾತಂತ್ರ್ಯಕ್ಕಿಂತ ಹೆಚ್ಚಿನ ಚಿಂತೆ ಬೇರೊಂದಿತ್ತು. ನಾಲ್ಕು ಪ್ರಾಂತಗಳು ನಾಲ್ಕು ದೇಶಗಳಾದರೆ ಗತಿಯೇನು? ಉಬಾಂಗಿಗೆ ಬಂದರಿಲ್ಲ, ಅದರ ಹತ್ತಿ ಕಾಫಿಗಳು ದೋಣಿಯಲ್ಲಿ ಬ್ರಾಜವಿಲ್ಲಿಗೆ ಇಳಿದು, ಅಲ್ಲಿಂದ ರೈಲಿನಲ್ಲಿ ಕಡಲಿಗೆ ಹೋಗಬೇಕು. ಆ ರೈಲುದಾರಿಯನ್ನು ಹಾಕುವಾಗ ಉಬಾಂಗಿಯಿಂದಲೂ ಚಾಡಿನಿಂದಲೂ ಬಿಟ್ಟಿಗೆ ಹಿಡಿದು ತಂದ ಸಾವಿರಾರು ಜನ ಸತ್ತಿದ್ದರು. ಅವರ ಮಕ್ಕಳಿಗೆ ಆ ದಾರಿ ಪರದೇಶದ್ದಾಗಬೇಕೇ? ಆದ್ದರಿಂದ ಇಡೀ ಒಕ್ಕೂಟ ಒಂದೇ ದೇಶವಾಗಿ ಉಳಿಯಬೇಕು, ಅದಕ್ಕೆ ಮಧ್ಯ ಆಫ್ರಿಕ ಗಣರಾಜ್ಯವೆಂದು ಹೆಸರಾಗಬೇಕು, ಮುಂದೆ ಬೆಲ್ಜಿಯನ್ ಕಾಂಗೊ, ಅಂಗೋಲ, ಕ್ಯಾಮರೂನುಗಳೂ ಕೂಡಿ ಲ್ಯಾಟಿನ್ ಆಫ್ರಿಕದ ಸಂಯುಕ್ತ ಸಂಸ್ಥಾನವಾಗಬೇಕು ಎಂದು ಅವರು ಬಯಸಿದರು. ದೂತರನ್ನು ಕಳಿಸಿದರು. ಮರ, ಖನಿಜಗಳಿಂದ ಸಿರಿವಂತವಾದ ಗಬೋನ್, ಬಡ ನೆರೆಯವರನ್ನು ಸಾಕಲು ತಾನೇಕೆ ಸಿದ್ಧವಾಗಬೇಕೆಂದು ಮುಖ ತಿರುಗಿಸಿತು. ಚಾಡ್ ಒಪ್ಪಲಿಲ್ಲ. ಕಾಂಗೊದಲ್ಲಿ ಮುಂದಾಳಾಗಿದ್ದ ಯೂಲು ಕೂಡ ಪಾದ್ರಿಯೇ. ಅವರೂ ಜೊತೆಗೆ ಬರಲಿಲ್ಲ. ಫ್ರೆಂಚರು ಎಳೆದ ಗೆರೆಗಳೊಳಗೆ ಆಗಲೇ ಗದ್ದುಗೆಗಳು ಸಿದ್ಧವಾಗಿದ್ದವು. ಗದ್ದುಗೆ ಏರಿದವರಿಗೆ ಗೆರೆಯನ್ನು ಅಳಿಸುವ ಮನಸ್ಸು ಬರುವುದುಂಟೇ?

1958ನೆಯ ಡಿಸೆಂಬರ್ 1ರಂದು ಮಧ್ಯ ಆಫ್ರಿಕ ಗಣರಾಜ್ಯದ ಘೋಷಣೆಯಾಯಿತು, ಉಬಾಂಗಿಗೆ ಮಾತ್ರ. ದೊಡ್ಡ ಮನೆಗೆಂದು ಮಾಡಿಸಿದ ಬಾಗಿಲನ್ನು ಗುಡಿಸಲಿಗೆ ನಿಲ್ಲಿಸಿದ ಹಾಗೆ. ಬೊಗಾಂಡರೇ ರೂಪಿಸಿದ ಬಾವುಟದಲ್ಲಿ ನೀಲಿ, ಬಿಳಿ, ಹಸುರು, ಹಳದಿಯ ನಾಲ್ಕು ಅಡ್ಡ ಪಟ್ಟೆಗಳು, ಅವನ್ನೆಲ್ಲ ಸೀಳಿ ಇಳಿಯುವ ಒಂದು ಕೆಂಪು ಪಟ್ಟೆ, ಮೂಲೆಯಲ್ಲಿ ಹಳದಿ ನಕ್ಷತ್ರ. ಫ್ರಾನ್ಸಿನ ಬಣ್ಣಗಳನ್ನೂ ಆಫ್ರಿಕದ ಬಣ್ಣಗಳನ್ನೂ ಒಟ್ಟಿಗೆ ಹೊಲಿದದ್ದು. ರಾಷ್ಟ್ರಗೀತೆಯ ಮಾತುಗಳೂ ಅವರವೇ. ಸರ್ಕಾರದ ಮುಖ್ಯಸ್ಥರಾದರು. ಏಪ್ರಿಲ್ 5ಕ್ಕೆ ಚುನಾವಣೆ ಗೊತ್ತಾಗಿತ್ತು.

1959ನೆಯ ಮಾರ್ಚ್ 29 ಈಸ್ಟರ್ ಭಾನುವಾರ. ಬೊಗಾಂಡರು ಬೆರ್ಬೆರಾತಿಯಲ್ಲಿ ನೊರಾಟ್ಲಾಸ್ ವಿಮಾನವನ್ನು ಹತ್ತಿ ಬಾಂಗಿಗೆ ಹೊರಟರು. ವಿಮಾನ ಬಾಂಗಿಗೆ ಬರಲಿಲ್ಲ. ಮರುದಿನ ಬೋದಾ ಜಿಲ್ಲೆಯ ಕಾಡಿನಲ್ಲಿ ಅದರ ಚೂರುಗಳು ಸಿಕ್ಕಿದವು. ಒಳಗಿದ್ದವರಲ್ಲಿ ಒಬ್ಬರೂ ಉಳಿದಿರಲಿಲ್ಲ. ಆಗ ಅವರಿಗೆ ಇನ್ನೂ 49 ತುಂಬಿರಲಿಲ್ಲ. ಮೇ ತಿಂಗಳಲ್ಲಿ ಪ್ಯಾರಿಸಿನ ಎಕ್ಸ್‌ಪ್ರೆಸ್ ಎಂಬ ವಾರಪತ್ರಿಕೆ, ಅವಶೇಷಗಳಲ್ಲಿ ಸಿಡಿಮದ್ದಿನ ಗುರುತು ಕಂಡಿತೆಂದು ಬರೆಯಿತು. ಆ ಸಂಚಿಕೆ ಬಾಂಗಿಯಲ್ಲಿ ಮಾರಾಟವಾಗದಂತೆ ಫ್ರೆಂಚ್ ಹೈಕಮಿಷನರ್ ತಡೆದನು. ವರ್ತಕರು ಮಾಡಿಸಿದರೆಂದು ಕೆಲವರು, ಗುಪ್ತಚಾರರು ಮಾಡಿಸಿದರೆಂದು ಕೆಲವರು, ಬರಿಯ ಅಪಘಾತವೆಂದು ಕೆಲವರು. ಸಿದ್ಧವಾಗಿ ನಿಲ್ಲುವ ಸಾಕ್ಷ್ಯ ಯಾವ ಪಕ್ಷಕ್ಕೂ ಸಿಕ್ಕಿಲ್ಲ. ಮುಚ್ಚಿಡುವ ಅಭ್ಯಾಸವಿರುವ ಸರ್ಕಾರ ನಿಜವನ್ನೇ ಹೇಳಿದರೂ ಜನ ನಂಬುವುದಿಲ್ಲ.

ಗುಂಬ ಕೆಲವು ವಾರ ಆಡಳಿತ ನೋಡಿಕೊಂಡರು. ಬಳಿಕ ಉಪಾಧ್ಯಾಯರಾಗಿದ್ದ ದಾವಿದ್ ಡಾಕೊ ಪೀಠಕ್ಕೆ ಬಂದರು. 1960ನೆಯ ಆಗಸ್ಟ್ 13ರಂದು ಸ್ವಾತಂತ್ರ್ಯ ಬಂತು. 1965ರ ಕೊನೆಯ ರಾತ್ರಿ ಡಾಕೊರನ್ನು ಇಳಿಸಿ ಅಧಿಕಾರ ಹಿಡಿದ ಸೇನಾಧಿಕಾರಿ ಬೊಕಾಸ, 1977ರಲ್ಲಿ ತನಗೆ ತಾನೇ ಚಕ್ರವರ್ತಿಯ ಪಟ್ಟ ಕಟ್ಟಿಕೊಂಡನು. ಅವನೂ ಬೊಬಾಂಗಿಯವನೇ, ಬೊಗಾಂಡರ ಬಂಧು. ಅವನ ತಂದೆಯನ್ನೂ ಆ ಕಾಲದ ಅಧಿಕಾರಿಗಳು ಹೊಡೆಸಿ ಕೊಲ್ಲಿಸಿದ್ದರು. ಒಂದೇ ಹಳ್ಳಿ, ಒಂದೇ ನೋವು. ಒಬ್ಬನು ಅದರಿಂದ ಏನನ್ನು ಕಲಿತನು, ಇನ್ನೊಬ್ಬನು ಏನನ್ನು ಕಲಿತನು ಎಂದು ಯೋಚಿಸುತ್ತ ಹೋದರೆ ಈ ಲೇಖನ ಮುಗಿಯಲಾರದು.

ಮಾರ್ಚ್ 29ನ್ನು ಆ ನಾಡಿನಲ್ಲಿ ಬೊಗಾಂಡ ದಿನವೆಂದು ಆಚರಿಸುತ್ತಾರೆ. ಸಮಾಧಿ ಬೊಬಾಂಗಿಯಲ್ಲಿದೆ, ಸೈನಿಕರ ತಂಡವೊಂದು ಆ ತಬ್ಬಲಿ ಹುಡುಗನನ್ನು ಕರೆದೊಯ್ದ ಅದೇ ಕಾಡಂಚಿನಲ್ಲಿ.